ಒತೀಲಿಯಾಳ ಒಲೆ

ಮಧ್ಯಾಹ್ನ ಎರಡು ಗಂಟೆಗೇ ಹೊಳೆ ಕಾಲುದಾರಿಯನ್ನು ನುಂಗಿಬಿಟ್ಟಿತ್ತು. ನಮ್ಮ ಶಪಾದಾ ಬೆಟ್ಟಸೀಮೆಯ ಹೊಳೆಗಳ ನೀರು ಬೇಸಿಗೆಯಲ್ಲೂ ಚಹಾದ ಬಣ್ಣದ್ದು. ಮೇಲೆ ಮಳೆ ಬಿದ್ದರೆ ನೆತ್ತರಿನಂತಾಗುತ್ತದೆ. ಸಾವೊ ಪಾವ್ಲೊದಿಂದ ಬಂದಿದ್ದ ನಾಲ್ವರನ್ನು ಜಲಪಾತಕ್ಕೂ ಅದರ ಮೇಲಿನ ಹಳೇ ಕಲ್ಲುಮನೆಗೂ ಕರೆದೊಯ್ಯಬೇಕಿದ್ದ ನಾನು, ಬೇರೆ ದಾರಿ ಕಾಣದೆ ಬೆಟ್ಟದ ಬುಡದಲ್ಲಿರುವ ನಿವಾಲ್ದಾ ಅಜ್ಜಿಯ ಅಡುಗೆಮನೆಗೆ ಅವರನ್ನು ನುಗ್ಗಿಸಿದೆ. ಈ ಸೀಮೆಯಲ್ಲಿ ಗೈಡಾದ ಮೊದಲ ಹೆಂಗಸು ಅವಳು. ನನಗೆ ದಾರಿ ಕಲಿಸಿದವಳೂ ಅವಳೇ.

ಲೂಸಿಯಾನಾ ಎಂಬಾಕೆ ಒದ್ದೆ ಶೂ ಕಳಚುತ್ತ, "ಜಲಪಾತ ತಪ್ಪಿತಲ್ಲ ಅಂತ ಬೇಜಾರು ಅಷ್ಟೆ. ಆ ಹಾಳುಮನೇಲಿ ಏನಿರುತ್ತೆ ಬಿಡಿ, ನಾಲ್ಕು ಕಲ್ಲು" ಎಂದಳು.

ಅಜ್ಜಿ ಕುಳಿತಲ್ಲಿಂದಲೇ ಅವಳನ್ನು ದಿಟ್ಟಿಸಿದಳು.

"ನಾಲ್ಕು ಕಲ್ಲಾ?... ನಾನು ಹುಟ್ಟಿದ್ದು ಆ ನಾಲ್ಕು ಕಲ್ಲಿನ ನಡುವೇನೇ ಕಣಮ್ಮ. ಕೂತ್ಕೊಳ್ಳಿ ಎಲ್ರೂ. ನೀರಿಳಿಯೋ ತನಕ ಎಲ್ಲಿಗೆ ಹೋಗ್ತೀರಿ?

"ನಮ್ಮಪ್ಪ ವಜ್ರ ಹುಡುಕೋನು. ಜೀವಮಾನವೆಲ್ಲ ಹೊಳೆಮರಳು ಜಾಲಿಸಿದ, ಸಿಕ್ಕಿದ್ದು ಮಾತ್ರ ಕೆಮ್ಮು. ಚಾಚಿಕೊಂಡಿದ್ದ ಬಂಡೇನೇ ಸೂರು ಮಾಡ್ಕೊಂಡು, ಮೂರು ಕಡೆ ಕಲ್ಲು ಪೇರಿಸಿ ಒಂದು ಮನೆ ಕಟ್ಟಿದ, ಸತ್ತ. ಅಮ್ಮನ ಹೆಸರು ಒತೀಲಿಯಾ. ಮರಗೆಣಸು ಬೆಳೆದು, ದಾರೀಲಿ ಹೋಗೋರನ್ನೆಲ್ಲ ಕೂಗಿ ಕರೆದು ಬೆಲ್ಲದ ಕಾಫಿ ಕೊಡ್ತಾ, ಹಂಗೇ ನನ್ನ ಸಾಕಿದ್ಲು. ಆಮೇಲೆ ಸರ್ಕಾರದೋರು ಬಂದು, ಈ ಬೆಟ್ಟವೆಲ್ಲ ಇನ್ಮೇಲೆ ಕಾಪಾಡೋ ಕಾಡು, ಒಳಗೆ ಯಾರೂ ವಾಸ ಮಾಡಂಗಿಲ್ಲ ಅಂದ್ರು. ಎಲ್ರೂ ಇಳಿದು ಬಂದ್ರು. ಅಮ್ಮ ಇಳೀಲಿಲ್ಲ. 'ಚಿರತೆ ಇರಬಹುದಂತೆ, ಕೋತಿ ಇರಬಹುದಂತೆ, ನಾನೊಬ್ಳು ಇರಬಾರದಂತೆ! ನನಗೆ ಬಾಲ ಇಲ್ಲ ಅಂತ ತಾನೆ? ಒಂದು ಹೊಲಿದು ಕೊಡೇ, ಕಟ್ಕೋತೀನಿ' ಅಂತ ನಗಾಡೋಳು.

"ನನಗಾಗ ಇಪ್ಪತ್ತಾರು. ನಮ್ಮೋರಲ್ಲಿ ನಾಲ್ಕಕ್ಷರ ಬಲ್ಲೋಳು ನಾನೊಬ್ಳೇ. ಒಬ್ಬ ಅಧಿಕಾರಿ ಕರೆದು, 'ಪ್ರವಾಸಿಗರು ಬರ್ತಾರೆ, ಗೈಡು ಬೇಕು. ಮನೆ ಬಿಟ್ಟುಕೊಡೋ ಕಾಗದಕ್ಕೆ ನಿಮ್ಮಮ್ಮ ಹೆಬ್ಬೆಟ್ಟು ಒತ್ತಿದ್ರೆ ಆ ಕೆಲಸ ನಿಂದು' ಅಂದ. ನಾನೇನು ಮಾಡ್ದೆ ಗೊತ್ತಾ? ಕಾಗದ ಹಿಡ್ಕೊಂಡು ಬೆಟ್ಟ ಹತ್ತಿದೆ. ಅಮ್ಮ ಒಲೆ ಊದ್ತಿದ್ಲು. 'ಏನು ಬರ್ದಿದೆ, ಓದು' ಅಂದ್ಲು. ಓದ್ದೆ... ವಯಸ್ಸಾದೋರಿಗೆ ಪಿಂಚಣಿ ಕೊಡ್ತಾರಂತೆ ಅಂತ ಓದ್ದೆ. ಒಂದಕ್ಷರವೂ ಹಂಗಿರಲಿಲ್ಲ. ಅವಳು ಹೆಬ್ಬೆರಳನ್ನ ಒಲೆ ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದ್ಲು. ಮಗಳು ಓದಿದ್ದಲ್ವಾ?

"ಒಂಬತ್ತನೇ ದಿನ ಸರ್ಕಾರದ ಜನ ಬಂದು ಬಾಗಿಲು ಕಿತ್ರು. ಕಾಗದ ಮುಂದೆ ಹಿಡಿದ್ರು. ಅಮ್ಮ ಅಳಲಿಲ್ಲ, ಬೈಲಿಲ್ಲ. ನನ್ನ ಮುಖ ನೋಡಿ, 'ಚೆನ್ನಾಗಿ ಓದ್ತೀಯ ಕಣೇ' ಅಂದ್ಲು. ನನ್ನ ಹತ್ರ ಅದೇ ಕೊನೇ ಮಾತು. ಕೆಳಗೆ ಬಾಡಿಗೆ ಕೋಣೇಲಿ ಐದು ತಿಂಗಳು ಇದ್ಲು. ಪಕ್ಕದ ಮನೆಯೋರ ಹತ್ರ ಮಾತಾಡೋಳು, ಕೋಳಿ ಹತ್ರ ಮಾತಾಡೋಳು, ನಾನು ತಟ್ಟೆ ಇಟ್ರೆ ಗೋಡೆ ಕಡೆ ತಿರುಗೋಳು. ಸಾವೊ ಜೊವಾವ್ ಹಬ್ಬದ ದಿನ, ಬೀದಿ ತುಂಬ ಬೆಂಕಿ ಹಾಕಿ ಜನ ಕುಣೀತಿರುವಾಗ, ಹೋಗ್ಬಿಟ್ಲು.

"ನನಗೆ ಕೆಲಸ ಸಿಕ್ತು. ಮೊದಲ ಗುಂಪು ಹನ್ನೊಂದು ಜನ. ಜಲಪಾತ ತೋರಿಸ್ದೆ, ಗುಹೆ ತೋರಿಸ್ದೆ, ಆಮೇಲೆ ನಮ್ಮ ಮನೆ ಮುಂದೇನೇ ನಿಂತು 'ಇದು ವಜ್ರದ ಕಾಲದ ಹಾಳುಮನೆ' ಅಂತ ಬಾಯಿಪಾಠ ಒಪ್ಪಿಸ್ದೆ. ಅವರು ಒಳಗೆ ಹೋದ್ರು. ಬಹಳ ಹೊತ್ತಾದ್ರೂ ಬರಲಿಲ್ಲ. ಇಣುಕಿದೆ... ಸುಮ್ನೆ ಕೂತಿದ್ರು. ತಣ್ಣಗಿನ ಒಲೆ, ಬಾವಲಿ ಹಿಕ್ಕೆ, ಅಷ್ಟೆ. ಆಚೆ ಬಂದ ಒಬ್ಬ ಮೇಷ್ಟ್ರು ಮೀಸೆ ಒರೆಸ್ಕೋತಾ, 'ಅಜ್ಜಿ ಕಾಫಿ ಚೆನ್ನಾಗಿ ಮಾಡ್ತಾಳಮ್ಮ, ಬೆಲ್ಲ ಸ್ವಲ್ಪ ಜಾಸ್ತಿ' ಅಂದ.

"ಯಾವ ಅಜ್ಜಿ? ಮುಂದಿನ ಗುಂಪೂ ಅದೇ ಅಂತು. ಅದರ ಮುಂದಿಂದೂ. ರಿಯೊದೋರು, ಜರ್ಮನಿಯೋರು, ಕಾಲಿಗೆ ಚಪ್ಪಲಿ ಗತಿಯಿಲ್ಲದೋರು, ಎಲ್ಲರಿಗೂ ಕಾಣ್ತಾಳೆ, ಎಲ್ಲರಿಗೂ ಕೊಡ್ತಾಳೆ, ನನ್ನೊಬ್ಳನ್ನ ಬಿಟ್ಟು. ಒಂದು ದಿನ ಒಬ್ಳೇ ಹೋಗಿ, ಆ ಒಲೆ ಮುಂದೆ ಮಂಡಿಯೂರಿ, ಕಾಗದದಲ್ಲಿ ನಿಜವಾಗಿ ಏನಿತ್ತೋ ಅದನ್ನ ಒಂದಕ್ಷರ ಬಿಡದಂಗೆ ಗಟ್ಟಿಯಾಗಿ ಹೇಳ್ದೆ. ಬೈಯಮ್ಮಾ ಅಂದೆ, ಹೊಡಿ ಅಂದೆ. ಒಂದು ಎಲೆ ಅಲ್ಲಾಡಲಿಲ್ಲ. ದೆವ್ವ ಹೆದರಿಸುತ್ತೆ ಅಂತಾರಲ್ಲ... ನನ್ನ ಒಂದೇ ಒಂದು ಸಲ ಹೆದರಿಸಿದ್ರೂ ಬದುಕ್ಕೊಳ್ತಿದ್ದೆ ಮಕ್ಕಳೇ.

"ಇನ್ನೊಂದು ಸಲ ಯಾವಳೋ ಹುಡುಗಿ, ಪಾಪ ಒಳ್ಳೇ ಮನಸ್ಸು, ಒಳಗೆ ಹೋಗಿ 'ನಮ್ಮನ್ನ ಕರ್ಕೊಂಡು ಬಂದ ನಿವಾಲ್ದಾ ಆಚೆ ಬಿಸಿಲಲ್ಲಿ ನಿಂತವ್ಳೆ, ಅವಳಿಗೂ ಒಂದು ಲೋಟ ಕೊಡಿ' ಅಂದುಬಿಟ್ಲು. ಅಮ್ಮ ಲೋಟ ಹಿಡ್ಕೊಂಡು ಹೊಸ್ತಿಲ ತನಕ ಬಂದ್ಲಂತೆ. ಮುಖಕ್ಕೆ ಮುಖ ಕೊಟ್ಟು ನಿಂತು ನೋಡಿದ್ಲಂತೆ. ನನಗೆ ಕಂಡಿದ್ದು ಎದುರಿನ ಬೆಟ್ಟ ಮಾತ್ರ. 'ಇಲ್ಲಿ ಯಾರೂ ಇಲ್ವಲ್ಲ ಮಗಳೇ' ಅಂತ ಆ ಹುಡುಗಿಗೆ ಹೇಳಿ, ಕಾಫಿನ ನೆಲಕ್ಕೆ ಚೆಲ್ಲಿ ಒಳಗೆ ಹೋದ್ಲಂತೆ... ನನ್ನ ಪಾದದ ಮೇಲೆ ಚುರ್ ಅಂತ ಬಿಸಿ ಬಿತ್ತು. ಬಗ್ಗಿ ನೋಡ್ದೆ, ಒಂದು ಹನಿ ಇಲ್ಲ. ಅವತ್ತೇ ಕೆಲಸ ಬಿಟ್ಟೆ."

ಸೂರಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. "ಈಗಲೂ... ಇದಾಳಾ?" ಲೂಸಿಯಾನಾಳ ದನಿ ಸಣ್ಣದಾಗಿತ್ತು.

ಅಜ್ಜಿ ನನ್ನ ಕಡೆ ಗದ್ದ ತೋರಿಸಿದಳು. "ಇವನನ್ನ ಕೇಳಿ. ಹದಿನಾಲ್ಕು ವರ್ಷದಿಂದ 'ನನಗೇನೂ ಕಾಣಲ್ಲ ಅಜ್ಜಿ' ಅಂತಾನೆ. ಬೆಟ್ಟ ಇಳಿದು ಬಂದಾಗ ಮಾತ್ರ ಬಾಯಿಂದ ಬೆಲ್ಲದ ಕಾಫಿ ವಾಸನೆ."

ಆಮೇಲೆ, ಆ ನಾಲ್ವರೂ ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ನನ್ನತ್ತ ಬಾಗಿದಳು.

"ಬೆಳಿಗ್ಗೆ ದಾರಿ ನೋಡಕ್ಕೆ ಅಂತ ಮೇಲೆ ಹೋಗಿದ್ದೆಯಲ್ಲೋ, ಅದೈಲ್ತೊನ್... ನನ್ನ ವಿಚಾರ ಏನಾದ್ರೂ ಕೇಳಿದ್ಲಾ?"

ಹೊರಗೆ ಹೊಳೆಯಲ್ಲಿ ಬಂಡೆಗಳು ಉರುಳುವ ಸದ್ದು. ಸುಳ್ಳು ಹೇಳಲೆಂದು ಬಾಯಿ ತೆರೆದೆ, ಆಗಲಿಲ್ಲ.

"ಇಲ್ಲ ಅಜ್ಜಿ," ಎಂದೆ. "ಕೇಳಲಿಲ್ಲ."