ಫೋಟೊದ ಕೆಳಗಿನ ಹೆಸರು

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ಸುಹಾಸಿನಿ ಕಂಬಿ ಹಿಡಿದು ನಿಂತಿದ್ದಳು. ಪಕ್ಕದ ಸೀಟಿನಲ್ಲಿ ಯಾರೋ ಅಪ್ಪ, ಮಗಳು ಮೊಬೈಲಿನಲ್ಲಿ ಮದುವೆ ಪತ್ರಿಕೆ ಮಾಡುತ್ತಿದ್ದರು.

“ಈ ಹೊಳಿ ಫೋಟೊ ಭಾಳ ಚಂದ ಐತಿ. ಎಷ್ಟಂತ?”

“ಫುಕಟ್ ಅಪ್ಪಾ. ಹೊಡದಾವನ ಹೆಸರು ಕೆಳಗ ಹಾಕಿದ್ರ ಸಾಕು, ಯಾರ್ ಬೇಕಾದ್ರೂ ಬಳಸಬಹುದು.”

“ಯಾರಂವಾ?”

ಮಗಳು ಹೆಸರು ಓದಿದಳು.

“ಅಡ್ಡಹೆಸರು ನೋಡಿದ್ಯೋ ಇಲ್ಲೋ? ಆ ಜಾತ್ಯಾವನ ಹೆಸರು ನಮ್ಮ ಪತ್ರಿಕಿ ಮ್ಯಾಲ? ಬೀಗರು ಏನಂದಾರು? ತಗಿ ಅದನ್ನ.”

“ಫೋಟೊನ?”

“ಫೋಟೊ ಇರ್ಲಿ. ಹೆಸರು ತಗಿ.”

“ಹಂಗ ಮಾಡಿದ್ರ ಕಳವು ಮಾಡಿದಂಗ, ಅಪ್ಪಾ.”

“ಜಾಗಾ ಖಾಲಿ ಬಿಡಬ್ಯಾಡ. ಅಲ್ಲೊಂದು ವಚನ ಹಾಕು, ಮನಷ್ಯಾರೆಲ್ಲಾ ಒಂದ ಅನ್ನೂದು.”

ಮಚ್ಛೆಯಲ್ಲಿ ಇಬ್ಬರೂ ಇಳಿದರು. ಅಷ್ಟು ದೂರ ನಿಂತೇ ಬಂದಿದ್ದ ಸುಹಾಸಿನಿಗೆ ಆತ ಬಿಟ್ಟ ಸೀಟಿನಲ್ಲಿ ಕೂರಲು ಹೇಸಿಗೆಯಾಯಿತು.