ಸೌನಾದ ನೆಪ

ಸಭೆಯ ಅಧ್ಯಕ್ಷರಾದ ಡಾಕ್ಟರ್ ಬ್ರೆನ್ನನ್ ಅವರೇ, ವೇದಿಕೆಯ ಮೇಲಿರುವ ಶಸ್ತ್ರವೈದ್ಯರೇ, ದಾದಿಯರೇ, ನನ್ನಂತೆಯೇ ಎದೆಯೊಳಗೆ ಪಂಪು ಇಟ್ಟುಕೊಂಡು ಬಂದಿರುವ ಬಂಧುಗಳೇ, ಅವರ ಬ್ಯಾಟರಿ ಚೀಲ ಹೊತ್ತು ಬಂದಿರುವ ಮನೆಯವರೇ, ಮತ್ತು ಈ ಭಾಷಣ ಮುಗಿದರೆ ಕಾಫಿ ಕೇಕು ಸಿಕ್ಕೀತೆಂದು ಕಾದಿರುವ ಸಭಿಕರೇ,

ನಾನು ರೈನೋ ಹಕಾಲಾ. ಸುಪೀರಿಯರ್ ಸರೋವರದ ದಂಡೆಯ ನಮ್ಮೂರಿನಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಫಿನ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದವರ ಮೊಮ್ಮಕ್ಕಳು ನಾವು. ನಮ್ಮ ಜನಕ್ಕೆ ಮಾತೆಂದರೆ ಉಪ್ಪಿದ್ದ ಹಾಗೆ, ಚಿಟಿಕೆ ಸಾಕು. ಅಂಥವನನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ತಪ್ಪು ನಿಮ್ಮದು, ಅನುಭವಿಸಿ.

ಪಂಪಿನೊಂದಿಗೆ ಐದು ವರ್ಷ ಬಾಳಿದ್ದಕ್ಕೆ ನನಗೆ ಈ ಸನ್ಮಾನ. ಅದರ ಜೊತೆಗೆ ಡಾಕ್ಟರು ಒಂದು ವಿಷಯವನ್ನೂ ಕೊಟ್ಟಿದ್ದಾರೆ. ಹೃದಯ ಸೋತ ರೋಗಿಗಳು, ಸಾವು ಬಾಗಿಲಲ್ಲಿ ನಿಂತಿದ್ದರೂ, ಪಂಪು ಬೇಡ ಎನ್ನುವುದು ಏಕೆ? ಈ ಪ್ರಶ್ನೆಗೆ ನನಗಿಂತ ತಕ್ಕವರು ಯಾರಿದ್ದಾರೆ? ಬೇಡ ಎಂದವರಲ್ಲಿ ನಾನೇ ಮೊದಲಿಗ.

ಆಗ ನನ್ನ ಸ್ಥಿತಿ ಹೇಗಿತ್ತು? ಬೂಟಿನ ದಾರ ಕಟ್ಟಿದರೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ನಿದ್ದೆ. ಡಾಕ್ಟರು ಚಿತ್ರ ಬರೆದು ವಿವರಿಸಿದರು: ಸೋತ ಹೃದಯಕ್ಕೆ ನೆರವಾಗಿ ರಕ್ತ ತಳ್ಳುವ ಪಂಪು ಎದೆಯಲ್ಲಿ, ಅದರ ತಂತಿ ಹೊಟ್ಟೆಯಿಂದ ಹೊರಗೆ, ಹಗಲು ಬ್ಯಾಟರಿ, ಮಲಗುವಾಗ ಗೋಡೆಯ ಕರೆಂಟು. ನೀರಿನಲ್ಲಿ ಮುಳುಗುವಂತಿಲ್ಲ, ಸೌನಾ ಎಂಬ ನಮ್ಮ ಹಬೆಮನೆ ಸೇರುವಂತಿಲ್ಲ. "ಸೌನಾ ಇಲ್ವಾ? ಹಾಗಾದ್ರೆ ಬೇಡ ಬಿಡಿ" ಎಂದು ನಾನು ಎದ್ದು ಬಂದೆ.

ಊರೆಲ್ಲ ನನ್ನನ್ನು ಮೆಚ್ಚಿತು. ಶನಿವಾರ ಸಂಜೆ ಕಾದ ಕಲ್ಲಿಗೆ ನೀರು ಸುರಿದು, ಹಬೆಯಲ್ಲಿ ಬೆವರಿ, ಸರೋವರಕ್ಕೆ ಹಾರದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಇಗರ್ಜಿಯಲ್ಲಿ ಗಂಡಸರು ಬೆನ್ನು ತಟ್ಟಿ, "ಸರಿಯಾಗಿ ಹೇಳ್ದೆ ಕಣೋ ರೈನೋ, ಅದೂ ಒಂದು ಬಾಳಾ?" ಎಂದರು. ಮನೆಮನೆಯಿಂದ ಮೀನಿನ ಸಾರು ಬಂತು. ಸಾಯುವವನಿಗೆ ಅಷ್ಟು ಮರ್ಯಾದೆ ಸಿಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮೆಚ್ಚದೆ ಹೋದವಳು ಒಬ್ಬಳೇ, ಅಗೋ ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮ ಪಕ್ಕದ ಮನೆಯ ಐಲಿ. ತೀರಿಹೋದ ನನ್ನ ಹೆಂಡತಿ ಲೆಂಪಿಗೆ ಗೆಳತಿ, ಈಗ ಐಲಿಯೂ ನನ್ನಂತೆ ಒಂಟಿ. ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಕೇಳಿದಳು:

"ಸೌನಾ ಬಿಟ್ರೆ ಸತ್ತೋಗ್ತೀಯಾ? ಬಿಡದೇ ಇದ್ರೂ ಸಾಯ್ತೀಯಲ್ಲೋ! ಹೋದ ಚಳಿಗಾಲದಿಂದ ನಿನ್ನ ಸೌನಾ ಚಿಮಣೀಲಿ ಹೊಗೆ ಬಂದದ್ದೇ ನಾನು ನೋಡಿಲ್ಲ. ನಿಜ ಹೇಳು, ಆಸ್ಪತ್ರೆಯೋರು ಏನು ಕೇಳಿದ್ರು?"

ಕುಣಿಯಲಾರದವಳಿಗೆ ನೆಲ ಡೊಂಕು, ಸಹಾಯ ಕೇಳಲಾರದವನಿಗೆ ಸೌನಾ ಅಡ್ಡ. ಆಸ್ಪತ್ರೆಯವರು ಕೇಳಿದ್ದು ಒಂದೇ ಮಾತು: ಮನೆಯಲ್ಲಿ ಯಾರಿದ್ದಾರೆ? ಗಾಯದ ಪಟ್ಟಿ ಬದಲಿಸಲು, ಪಂಪು ಕೂಗಿದರೆ ಓಡಿಬರಲು, ತರಬೇತಿ ಪಡೆದ ಒಬ್ಬರು ಹತ್ತಿರದಲ್ಲಿ ಇರಲೇಬೇಕು. ಲೆಂಪಿ ಇದ್ದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವಳಿಲ್ಲದ ಮನೆಯಲ್ಲಿ ಕೂತು ನಾನು ಯಾರನ್ನು ಕೇಳಲಿ? "ನನ್ನ ಹೊಟ್ಟೆಯ ತೂತು ತೊಳೆದುಕೊಡಿ" ಎಂದು ಯಾರ ಬಾಗಿಲು ತಟ್ಟಲಿ? ಬದುಕಿನಲ್ಲಿ ಯಾರಿಂದಲೂ ಒಂದು ಸುತ್ತಿಗೆ ಕೂಡ ಎರವಲು ತಂದವನಲ್ಲ ನಾನು.

ಇದನ್ನೆಲ್ಲ ನಾನು ಐಲಿಗೆ ಹೇಳಿದೆನೆಂದುಕೊಂಡಿರಾ? ಇಲ್ಲ. ಸುಮ್ಮನೆ ಕೂತೆ. ನಮ್ಮ ಕಡೆ ಅದೂ ಒಂದು ಉತ್ತರವೇ.

ಮರುದಿನ ಬೆಳಿಗ್ಗೆ ನೋಡಿದರೆ, ತನ್ನ ಕಾರು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿಕೊಂಡು, ಹೆಣಿಗೆಯ ಚೀಲ, ಬುತ್ತಿಯ ಸಮೇತ ಕೂತಿದ್ದಾಳೆ.

"ಎಲ್ಲಿಗೆ?"

"ಆಸ್ಪತ್ರೆಗೆ. ಫೋನ್ ಮಾಡಿ ಅವರನ್ನೇ ಕೇಳ್ದೆ, ನಿನ್ನ ನೋಡ್ಕೊಳ್ಳೋಕೆ ಒಬ್ರು ಬೇಕಂತೆ. ಪಟ್ಟಿ ಕಟ್ಟೋದು ಕಲಿಯೋಕೆ. ಹತ್ತು ಬೇಗ."

"ನಾನು ನಿನ್ನ ಕೇಳಿಲ್ವಲ್ಲ ಐಲಿ."

"ಪ್ರತಿ ಚಳಿಗಾಲ ನಾನು ಏಳೋಕೆ ಮುಂಚೆ ನನ್ನ ಮನೆ ಮುಂದಿನ ಹಿಮ ತಳ್ಳಿ ಹೋಗ್ತಿದ್ಯಲ್ಲ, ನಾನು ಯಾವತ್ತಾದ್ರೂ ನಿನ್ನ ಕೇಳಿದ್ನಾ?"

ನಾನು ಕಾರು ಹತ್ತಿದೆ.

ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತೆಂದು ಸುಳ್ಳು ಹೇಳುವುದಿಲ್ಲ, ಎದ್ದು ನಡೆಯಲು ತಿಂಗಳುಗಳೇ ಬೇಕಾದವು. ಈ ಪಂಪು ರಕ್ತವನ್ನು ಒಂದೇ ಸಮನೆ ಹರಿಸುತ್ತದೆ, ಹಾಗಾಗಿ ನನಗೆ ನಾಡಿ ಸಿಗುವುದಿಲ್ಲ. ಹೊಸದಾಗಿ ಬಂದ ದಾದಿಯೊಬ್ಬಳು ಮಣಿಕಟ್ಟು ಹಿಡಿದು ಬೆಳ್ಳಗಾದಾಗ ಐಲಿ, "ಹೆದರ್ಕೋಬೇಡಮ್ಮ, ಇವನು ಮೊದಲಿಂದಲೂ ಹೀಗೇ, ಜೀವ ಇದ್ಯೋ ಇಲ್ವೋ ಗೊತ್ತಾಗಲ್ಲ" ಎಂದಳು. ಪಟ್ಟಿ ಬದಲಿಸುವಾಗ ಇಂದಿಗೂ ಬೈಗುಳ ತಪ್ಪಿಲ್ಲ: "ಹೊಟ್ಟೆ ಒಳಗೆ ಎಳ್ಕೋಬೇಡ, ಎಷ್ಟಿದೆ ಅಂತ ನಂಗೆ ಗೊತ್ತು." ಆಮೇಲೆ ನನ್ನ ಎದೆಗೆ ಕಿವಿಯಿಟ್ಟು ಪಂಪಿನ ಸದ್ದು ಕೇಳುತ್ತಾಳೆ. "ಹ್ಞೂಂ, ಫ್ರಿಜ್ಜಿನ ಥರ ಗುಂಯ್ ಅಂತಿದೆ" ಎನ್ನುತ್ತಾಳೆ. ಇದು ತರಬೇತಿಯಲ್ಲಿತ್ತೇ? ದಾದಿಯರು ತಲೆಯಾಡಿಸುತ್ತಿದ್ದಾರೆ, ಇರಲಿಲ್ಲವಂತೆ. ಎಷ್ಟು ಹೊತ್ತು ಕಿವಿಯಿಡುತ್ತಾಳೆ ಎಂಬುದು ಈ ಸಭೆಗೆ ಬೇಡದ ವಿಷಯ.

ನನ್ನ ಸೌನಾದ ಒಲೆ ಈಗ ಮತ್ತೆ ಉರಿಯುತ್ತಿದೆ. ಒಳಗೆ ಬೆವರುವವರು ನೆರೆಯವರು. ನಾನು ಹೊರಕೋಣೆಯ ತಂಪಿನ ಬೆಂಚಿನಲ್ಲಿ ಕೂತು ಕಾಫಿ ಕಾಸುತ್ತೇನೆ. ಹೊರಬಂದವರೆಲ್ಲ ನನ್ನ ಪಕ್ಕದಲ್ಲೇ ಕೂತು ಮೈ ಆರಿಸಿಕೊಳ್ಳುವುದರಿಂದ ಊರಿನ ಸುದ್ದಿಯೆಲ್ಲ ನನಗೇ ಮೊದಲು.

ಆದ್ದರಿಂದ ಡಾಕ್ಟರೇ, ರೋಗಿ ಈಜು ಬೇಕು, ದೋಣಿ ಬೇಕು, ಸೌನಾ ಬೇಕು ಎಂದರೆ ನಂಬಿ. ಕೆಲವರಿಗೆ ಅದೇ ನಿಜ, ಅವರ "ಬೇಡ"ಕ್ಕೆ ತಲೆಬಾಗಿ. ಆದರೆ ಕೆಲವರಿಗೆ ಸಾಯುವುದಕ್ಕಿಂತ ಕೇಳುವುದೇ ಕಷ್ಟ. ಅಂಥವರ ನೆರೆಯವರನ್ನು ಒಮ್ಮೆ ಮಾತಾಡಿಸಿ.

ನೋಡಿ, ಊರಿಗೆಲ್ಲ ಬುದ್ಧಿ ಹೇಳುವ ನಾನು ಇಂದಿನವರೆಗೂ ಏನನ್ನೂ ಕೇಳಿಲ್ಲ. ಸಂಜೆ ಪಟ್ಟಿ ಕಟ್ಟಿ ಐಲಿ ಅಂಗಳ ದಾಟಿ ತನ್ನ ಮನೆಗೆ ಹೋಗುತ್ತಾಳೆ. ಅವಳ ಅಡುಗೆಮನೆಯ ದೀಪ ಹತ್ತುವವರೆಗೆ ನಾನು ಕಿಟಕಿಯಲ್ಲಿ ನಿಂತಿರುತ್ತೇನೆ. ಇಷ್ಟು ಹೇಳಬೇಕೆಂದಿರಲಿಲ್ಲ. ಹೇಳಿಯಾಯಿತಲ್ಲ, ಉಳಿದದ್ದನ್ನೂ ಕೇಳಿಬಿಡುತ್ತೇನೆ.

ಐಲಿ, ಇವತ್ತಿಂದ ಆ ಅಂಗಳ ದಾಟದೆ ನಮ್ಮನೇಲೇ ಇದ್ದುಬಿಡ್ತೀಯಾ? ಪಟ್ಟಿಗಲ್ಲ, ಬ್ಯಾಟರಿಗಲ್ಲ. ನಂಗೆ ನೀನು ಬೇಕು.

ಸಭಿಕರೇ, ಗಾಬರಿಯಾಗಬೇಡಿ, ಈ ಬೀಪ್ ಸದ್ದು ನನ್ನದೇ. ಮಾತು ಉದ್ದವಾಗಿ ಬ್ಯಾಟರಿ ತಗ್ಗಿದೆ. ಬೇರೆ ಬ್ಯಾಟರಿ ಐಲಿಯ ಚೀಲದಲ್ಲಿದೆ, ಅದನ್ನು ಹಿಡಿದು ಅವಳು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಾಳೆ. ಮುಖ ಕೆಂಪಗಿದೆ, ಬೈಯುತ್ತಾಳೋ ಏನೋ ತಿಳಿಯದು. ಆದರೆ ನೋಡಿ, ಮೇಲೆ ಬಂದವಳೇ ತನ್ನ ಕೋಟು, ಹೆಣಿಗೆಯ ಚೀಲ ಎರಡನ್ನೂ ನನ್ನ ಕುರ್ಚಿಯ ಮೇಲೆ, ನನ್ನ ಕೋಟಿನ ಪಕ್ಕದಲ್ಲೇ ಇಟ್ಟಳು.

ನಮ್ಮ ಕಡೆ ಅದೂ ಒಂದು ಉತ್ತರವೇ. ಕೇಳಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆಗಳು, ನಮಸ್ಕಾರ.