ಕೊಟ್ಟುಬಿಟ್ಟ ವಿಳಾಸ

"ಹಲೋ... ಯಾರು ಮಾತಾಡ್ತಿರೋದು?... ಓ, ಗಾರ್ಡಿ! ನಾನೇ, ಮಾರಿಟ್. ಹೇಳಿ... ಇಲ್ಲ ಇಲ್ಲ, ಊಟ ಆಮೇಲೆ ಮಾಡ್ತೀನಿ. ಬೆಳಗಿಂದ ಫೋನ್ ಮಾಡಿದವರಲ್ಲಿ ನೀವು ಐದನೆಯವರು."

ಮಾರಿಟ್ ಟೋಲೆಫ್‌ಸನ್ ತಣ್ಣಗಾದ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಗಿರಾಕಿಗಳ ಖಾಸಗಿ ಮಾಹಿತಿಯ ಬಗ್ಗೆ ಅಮೆರಿಕದ ಮಿನ್ನೆಸೋಟ ರಾಜ್ಯ ಹೊಸ ಕಾನೂನು ತಂದಾಗಿನಿಂದ ವ್ಯಾಪಾರಿಗಳಿಗೆ ಅದನ್ನು ಬಿಡಿಸಿ ಹೇಳುವುದೇ ಅವಳ ಕಸುಬು. ಹೇಳಿ ಹೇಳಿ ನಾಲಿಗೆ ಸವೆದಿತ್ತು. ಗಾರ್ಡಿ ಹಾಪಲಾ ಡುಲೂತ್ ಪಟ್ಟಣದವನು. ನಾಯಿ ಬೆಕ್ಕುಗಳ ಆಹಾರವನ್ನು ಮನೆಮನೆಗೆ ತಲುಪಿಸುವ ದೊಡ್ಡ ವ್ಯಾಪಾರ ಅವನದು.

"ಹಾಂ... ಹೌದು, ನನ್ನ ಬಗ್ಗೆ ಏನೇನು ಬರೆದಿಟ್ಟಿದ್ದೀರಿ ಅಂತ ಗಿರಾಕಿ ಕೇಳಿದ್ರೆ ಕೊಡಲೇಬೇಕು... ಎರಡೇ ದಿನದಲ್ಲಿ ಕೊಟ್ರಾ? ಕಾನೂನಲ್ಲಿ ನಲವತ್ತೈದು ದಿನದ ಗಡುವು ಇತ್ತಲ್ರೀ... ಸರಿ, ಮತ್ತೇನು ತೊಂದರೆ?"

"...ಕೇಳಿದ ಗಿರಾಕಿ ಹೆಸರು ರಿನೇ ಕುಬಿಚೆಕ್. ಹಾಂ... ಇ-ಮೇಲ್ ಹೊಸದಾ? ನಿಮ್ಮಲ್ಲಿರೋದೇ ಬೇರೆ, ಕೇಳಿ ಬರೆದಿರೋದೇ ಬೇರೆ, ಅಲ್ವಾ?... ಹಳೇದನ್ನ ತೆಗೆದು ಹೊಸದು ಹಾಕ್ಲಾ ಅಂತ ಕೇಳೋಕೆ ಫೋನ್ ಮಾಡಿದ್ರಾ... ತಾಳಿ, ತಾಳಿ. ಕೇಳಿದ್ದು ಅವಳೇ ಅಂತ ಹೇಗೆ ಗೊತ್ತಾಯ್ತು?... ಹೆಸರು ಬರೆದಿತ್ತು ಅಂತಾ? ಅಷ್ಟೇನಾ?"

ಅವಳು ಎದ್ದು ನಿಂತಳು.

"ಗಾರ್ಡಿ, ಅವಳ ದಾಖಲೆ ತೆಗೀರಿ. ಜೋರಾಗಿ ಓದಿ... ಒಂದು ನಾಯಿ... ನವೆಂಬರಲ್ಲಿ ಮನೆ ಬದಲಾಯಿಸಿದ್ಲು... ಏನದು? ಇನ್ನೊಂದ್ಸಲ ಓದಿ... 'ಗಂಡ ಅಂತ ಯಾರಾದ್ರೂ ಕೇಳಿದ್ರೆ ವಿಳಾಸ ಹೇಳಬೇಡಿ.' ಅಯ್ಯೋ ದೇವರೇ... ಅವಳ ಹೆಸರಲ್ಲಿ ಕೇಳಿದ್ದು ಆ ಗಂಡನೇ ಇರ್ಬೇಕು... ಇದನ್ನೂ ಕಳಿಸಿದ್ರಾ?... ಎಲ್ಲಾನೂ?"

"...ಮುಂದೆ ಓದಿ... ಪ್ರತಿ ಗುರುವಾರ ನಾಲ್ಕೂವರೆಗೆ ಮನೇಲಿರ್ತಾಳೆ, ಬಾಗಿಲಿಗೇ ತಂದ್ಕೊಡಬೇಕು... ಗಾರ್ಡಿ, ಇವತ್ತು ಗುರುವಾರ ಅಲ್ವಾ?"

ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು.

"ಅಂಗಡಿಯ ಇನ್ನೊಂದು ಫೋನ್ ತಗೊಳ್ಳಿ, ಅವಳಿಗೆ ಈಗಲೇ ಮಾಡಿ... ಇಲ್ಲ, ವಕೀಲರು ಆಮೇಲೆ... ದಂಡ ಬಿದ್ರೆ ಬೀಳ್ಲಿ ಮಹರಾಯರೇ, ಮೊದಲು ಫೋನ್ ಮಾಡಿ!"

"...ಹೌದು, ನಾನೇ ಹೇಳಿದ್ದು. ಕೇಳಿದವರನ್ನ ಕಾಯಿಸಬೇಡಿ, ಬೇಗ ಕೊಡಿ ಅಂತ ನಾನೇ ಹೇಳಿದ್ದೆ. ಕೇಳ್ತಿರೋರು ಯಾರು ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ ಅನ್ನೋದನ್ನ ನಿಮಗೆ ಕೊಟ್ಟ ಕೈಪಿಡಿಯ ಒಂಬತ್ತನೇ ಪುಟದಲ್ಲಿ ಬರೆದೆ. ಅಲ್ಲೀತನಕ ಯಾರು ಓದ್ತಾರೆ... ರಿಂಗ್ ಆಗ್ತಿದೆ. ನನಗೂ ಕೇಳಿಸ್ತಿದೆ."

ಆರು ಸಲ ರಿಂಗಾಯಿತು. ಮಾರಿಟ್ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

"ಎತ್ತಿದ್ಲಾ? ಎಲ್ಲಿದ್ದಾಳೆ?... ಕೆಲಸದಲ್ಲೇ? ಸದ್ಯ! ಸುತ್ತಿಬಳಸಿ ಮಾತಾಡ್ಬೇಡಿ. ತಪ್ಪು ನಮ್ಮದು ಅನ್ನಿ. ಮನೆಗೆ ಹೋಗ್ಬೇಡಿ, ಪೊಲೀಸರಿಗೆ ಹೇಳಿ ಅನ್ನಿ... ಮನೇಲಿ ನಾಯಿ ಒಂದೇ ಇದೆಯಂತಾ? ಪೊಲೀಸರ ಜೊತೆ ಹೋಗಿ ಕರ್ಕೊಂಡು ಬರ್ಲಿ, ಒಬ್ಬಳೇ ಬೇಡ..."

ಆ ಕಡೆ ಬಹಳ ಹೊತ್ತು ಗುಸುಗುಸು. ಗಾರ್ಡಿ ಬಿಕ್ಕುತ್ತಿದ್ದದ್ದು ಅವಳಿಗೆ ಸ್ಪಷ್ಟವಾಗಿಯೇ ಕೇಳಿಸಿತು.

"ಅಳ್ಬೇಡಿ, ಗಾರ್ಡಿ... ನನ್ನ ಹತ್ರಾನಾ? ನನ್ನ ಹತ್ರ ಮಾತಾಡ್ಬೇಕಂತಾ?... ಸರಿ. ಎರಡೂ ಫೋನ್ ಪಕ್ಕಪಕ್ಕ ಹಿಡೀರಿ."

"ಹಲೋ, ರಿನೇ? ನಾನು ಮಾರಿಟ್ ಅಂತ. ಈ ಅಂಗಡಿಯವರಿಗೆ ಕಾನೂನು ಹೇಳಿಕೊಟ್ಟೋಳು ನಾನೇ... ಹೌದು... ನಿಮ್ಮ ವಿಳಾಸ ಮಂಗಳವಾರವೇ ಹೋಗಿದೆ... ಅವನಿಂದ ತಪ್ಪಿಸ್ಕೊಂಡು ಇದು ಮೂರನೇ ಮನೆಯಾ?..."

ಅವಳು ಕಣ್ಣು ಮುಚ್ಚಿಕೊಂಡಳು.

"ಇಲ್ಲ, ರಿನೇ. ನಿಮ್ಮ ಹೆಸರನ್ನ ಅಂಗಡಿಯ ಪಟ್ಟಿಯಿಂದ ಈ ಕ್ಷಣ ಅಳಿಸಿ ಹಾಕಿಸಬಲ್ಲೆ. ಅವನ ಕೈಗೆ ಹೋಗಿರೋದನ್ನ ವಾಪಸ್ ತರೋಕೆ ನನ್ನ ಕೈಲಾಗಲ್ಲ... ಹೌದು. ಇನ್ನೊಂದು ಮನೆ ನೋಡ್ಕೋಬೇಕಾಗುತ್ತೆ... ಬಯ್ಯಿರಿ. ಪರವಾಗಿಲ್ಲ, ಬಯ್ಯಿರಿ, ನಾನು ಕೇಳಿಸ್ಕೊಳ್ತೀನಿ... ರಿನೇ?... ಹಲೋ?... ಗಾರ್ಡಿ, ಅವಳು ಫೋನ್ ಇಟ್ಟುಬಿಟ್ಲಾ?..."